ಏಕನಾಥಮ್ಮನ ಗಿರಣಿ, ಊರಿನ ಕರೆಂಟು

ಏಕನಾಥಮ್ಮನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. ಕೆಳಗಿನ ಹೊಲದಲ್ಲಿ ಸೋಲಾರ್ ಹಲಗೆಗಳು ಬಿಸಿಲಿಗೆ ಮೈಯೊಡ್ಡಿ ಮಲಗಿವೆ. ದೇಶಕ್ಕೇ ಕರೆಂಟು ಕೊಡುವವರು ನಾವು ಎಂದು ಬಿ.ದುರ್ಗದ ಕಡೆಯ ಆ ಹಳ್ಳಿಯವರು ನೆಂಟರ ಮುಂದೆ ಮೀಸೆ ತಿರುವುತ್ತಾರೆ. ಅದೇ ಊರಿನಲ್ಲಿ ಏಕನಾಥಮ್ಮನ ಮೋಟಾರು ಈ ವರ್ಷ ಮೂರು ಸಲ ಸುಟ್ಟಿತು.

ಸುಟ್ಟದ್ದು ಊರಿನವರ ಜಾಣತನದಿಂದ. ಗಿರಣಿಗೂ ಹದಿನಾಲ್ಕು ಬೋರುಗಳಿಗೂ ಒಂದೇ ಟ್ರಾನ್ಸ್‌ಫಾರ್ಮರು. ಕರೆಂಟು ಬಂದ ಕೂಡಲೇ ಪಂಪು ತಾನಾಗಿ ಹೊರಡಲೆಂದು ಒಬ್ಬ 'ಆಟೊ' ಹಾಕಿಸಿದ. ಅವನದು ನಮ್ಮದಕ್ಕಿಂತ ಮೊದಲು ಹೊರಡಬಾರದೆಂದು ಉಳಿದವರೂ ಹಾಕಿಸಿದರು. ಹದಿನಾಲ್ಕೂ ಒಂದೇ ಏಟಿಗೆ ಎಳೆದರೆ ವೋಲ್ಟೇಜು ಕುಸಿದು ಗಿರಣಿಯ ಕಲ್ಲು ಅರ್ಧ ರಾಗಿ ಅಗಿದು ನಿಲ್ಲುತ್ತದೆ, ಮೋಟಾರು ಸುಡುತ್ತದೆ. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಆ ಕಲ್ಲನ್ನೇ ನಂಬಿ ಬದುಕಿದವಳು ಆಕೆ. ಇನ್ನೊಂದು ಸಲ ಸುಟ್ಟರೆ ಬಾಗಿಲು ಮುಚ್ಚುವುದೇ.

ಲೈನ್‌ಮನ್ ತಿಪ್ಪಯ್ಯ ದಾರಿ ಹೇಳಿದ. "ಅಕ್ಕ, ಏಳು ಬೋರು ಹಗಲು ಎಳೀಲಿ, ಬಿಸಿಲೈತೆ. ಏಳು ಸಂಜೆ ಮೇಲೆ ಎಳೀಲಿ, ಗಾಳಿ ಐತೆ. ಊರು ಒಪ್ಪಿದ್ರೆ ಕರೆಂಟ್ ಆಫೀಸಿನ ಸಾಹೇಬ್ರು ಎರಡು ಪಾಳಿ ಕೊಡ್ತಾರಂತೆ."

ಸೋಮವಾರ ಎತ್ತಿಗೆ ನೊಗ ಹೂಡದ ಊರು. ಎಲ್ಲರೂ ಖಾಲಿ ಇರುವ ದಿನ ನೋಡಿ ಆಕೆ ಗಿರಣಿ ಮುಂದೆ ಸಭೆ ಕರೆದಳು. ಪಂಚಾಯ್ತಿ ಚುನಾವಣೆ ಹತ್ತಿರವಿದ್ದುದರಿಂದ ಮುಖಂಡ ಏಕಾಂತಪ್ಪ ಕರೆಯದೆಯೂ ಬಂದು ಕುರ್ಚಿ ಹಿಡಿದ. ಪಾಳಿಯ ಮಾತು ಎತ್ತುವ ಮೊದಲೇ ದೇಶಕ್ಕೆ ಯಾವ ಕರೆಂಟು ವಾಸಿ ಎಂಬ ವಾದ ಎದ್ದಿತು.

"ಗಾಳಿನೇ ವಾಸಿ, ಇನ್ನೂ ಹತ್ತು ಫ್ಯಾನ್ ನಿಲ್ಲಿಸ್ಲಿ," ಎಂದ ಗುಡ್ಡದ ಜಮೀನು ಗುತ್ತಿಗೆ ಕೊಟ್ಟಿದ್ದ ಹಾಲೇಶ್.

"ಶ್ರಾವಣ ಕಳುದ್ರೆ ನಿನ್ ಫ್ಯಾನು ಬೆದರುಬೊಂಬೆ ನಿಂತಂಗೆ ನಿಂತಿರ್ತಾವಲ್ಲೋ," ಎಂದ ಸೋಲಾರಿಗೆ ಹೊಲ ಕೊಟ್ಟಿದ್ದ ಬಸವೇಶ್.

"ನಿನ್ ಹಲಗೆಗೆ ಆರು ಗಂಟೆಗೇ ನಿದ್ದೆ ಬರ್ತೈತೆ, ಸುಮ್ನಿರಲೇ."

ಮುದುಕ ಗುಡ್ಡಪ್ಪ ಕೆಮ್ಮಿದ. "ಕಲ್ಲಿದ್ದಲಿಗೆ ಹಗಲಿಲ್ಲ, ರಾತ್ರಿ ಇಲ್ಲ. ಹೊಗೆ ಯಾವ್ದೋ ಊರಿನೋರಿಗೆ, ಬೆಳಕು ನಮಗೆ."

ಏಕಾಂತಪ್ಪ ಮೂವರಿಗೂ ತಲೆಯಾಡಿಸಿದ. "ಗಾಳಿ ಹೆಚ್ಚು ಮಾಡಾಣ, ಬಿಸಿಲು ಹೆಚ್ಚು ಮಾಡಾಣ, ಇದ್ದಲೂ ಇರ್ಲಿ." ಬಿಸಿಲು ಹೆಚ್ಚು ಮಾಡುವ ಮಾತಿಗೂ ಚಪ್ಪಾಳೆ ಬಿತ್ತು.

"ದೇಶದ್ದು ಆಮೇಲೆ ನೋಡಾಣ. ಸಂಜೆ ಪಾಳಿಗೆ ಯಾರು ಬರ್ತೀರಿ, ಅದು ಹೇಳ್ರಿ," ಎಂದಳು ಏಕನಾಥಮ್ಮ.

ಹಾಲೇಶ್ ಹೇಳಿದ, "ಸಂಜೆ ತೋಟದಾಗೆ ಕರಡಿ ಬರ್ತೈತೆ ಅಕ್ಕ. ನೀರು ತಿರುವಕ್ಕೆ ಯಾರ್ ಹೋಗ್ತಾರೆ?"

"ಹಗಲೊತ್ತು ನೀನು ತಿರುವಿದ್ದು ಯಾರು ಕಂಡವ್ರೆ? ನಿನ್ ಪಂಪು ತೋಟದಾಗೆ ಓಡ್ತಿರ್ತೈತೆ, ನೀನು ಕಟ್ಟೆ ಮೇಲೆ ಕುಂತಿರ್ತೀಯ," ಎಂದಳು ಆಕೆ.

"ಎಲೆಕ್ಷನ್ ಮುಗೀಲಿ ತಂಗಿ, ಎಲ್ರಿಗೂ ಹಗಲೇ ಕೊಡಿಸ್ತೀನಿ," ಎಂದ ಏಕಾಂತಪ್ಪ.

ಆಕೆಗೆ ಮೈಯೆಲ್ಲ ಉರಿಯಿತು. ಎಲ್ಲರಿಗೂ ಹಗಲು ಎಂದರೆ ಸುಡುವುದು ಆಕೆಯ ಮೋಟಾರೇ ಎಂದು ಕುರ್ಚಿಯಲ್ಲಿದ್ದವನಿಗೆ ಗೊತ್ತು. ಹದಿನಾಲ್ಕು ಮನೆಯ ಓಟಿನ ಮುಂದೆ ಒಂದು ಮೋಟಾರು ಯಾವ ಲೆಕ್ಕ?

ಮಾರನೆಯ ಬೆಳಿಗ್ಗೆ ಹೆಂಗಸರು ರಾಗಿ ಡಬ್ಬಗಳ ಸಾಲು ಹಚ್ಚಿದರು. ಏಕನಾಥಮ್ಮ ಗಿರಣಿಯ ಬೆಲ್ಟು ಕಳಚಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಕುಳಿತಳು. "ಸಂಜೆ ಪಾಳಿಗೆ ಏಳು ಆಟೊ ಕಳಚಿ ಬರೋ ತನಕ ಕಲ್ಲು ತಿರುಗಲ್ಲ. ಅವಸರ ಇದ್ರೆ ನಿಮ್ ಬೋರಿನ ಹತ್ರಾನೇ ಬೀಸಿಸ್ಕಳ್ರಿ."

ಮುದ್ದೆ ಕಾಣದೆ ಎರಡು ದಿನ ಅನ್ನ ತಿಂದ ಗಂಡಸರು ಮೂರನೆಯ ದಿನಕ್ಕೆ ಕರಡಿಯನ್ನು ಮರೆತರು. ಹಾಲೇಶನ ಹೆಂಡತಿ ಶಿವಗಂಗಾ ತಿಪ್ಪಯ್ಯನನ್ನು ತಾನೇ ಕರೆದೊಯ್ದು ಗಂಡನ ಆಟೊ ಕಳಚಿಸಿದಳು. ಮಧ್ಯಾಹ್ನಕ್ಕೆ ಆರಾದವು. ಏಳನೆಯದಕ್ಕೆ ಎಲ್ಲರೂ ಏಕಾಂತಪ್ಪನ ತೋಟದ ಬೋರು ತೋರಿಸಿದರು.

ಡಬ್ಬಗಳ ಸಾಲು ಎದ್ದು ಏಕನಾಥಮ್ಮನ ಹಿಂದೆ ಹೋಗಿ ಅವನ ಅಂಗಳದಲ್ಲಿ ಕುಳಿತಿತು. ಅಷ್ಟು ಓಟು ಒಟ್ಟಿಗೆ ಸಿಟ್ಟಾಗಿ ಕುಳಿತದ್ದನ್ನು ಅವನು ಹಿಂದೆ ಕಂಡಿರಲಿಲ್ಲ. ತಿಪ್ಪಯ್ಯನಿಗೆ ತೋಟದ ಕೀಲಿ ಕೊಟ್ಟು, ಏಕನಾಥಮ್ಮನ ಕಡೆ ನೋಡದೆ ಹೇಳಿದ, "ಎಲೆಕ್ಷನ್ ಮುಗಿಯೋ ತನಕ ಅಷ್ಟೇ ತಂಗಿ."

"ಆಗ್ಲಿ ಏಕಾಂತಪ್ಪಾರೆ. ಎಲೆಕ್ಷನ್ ಮುಗಿದ್ಮೇಲೂ ನಿಮ್ಮನೆ ರಾಗಿ ನನ್ ಗಿರಣಿಗೇ ಬರ್ಬೇಕು."