ತಗಡಿನ ಚಾವಣಿಯ ಸರಾಸರಿ

ಭೌತಶಾಸ್ತ್ರದ ಮೇಡಂ ಎಂದರೆ ಕಾಲೇಜಿನ ಹುಡುಗರಿಗೆ ಎದುರಿಗೆ ಭಯ, ಹಿಂದಿನಿಂದ ನಗು. ಯಾವ ಗ್ರಹದ ಹೆಸರೆತ್ತಿದರೂ ಸಾಕು, ಸೀಮೆಸುಣ್ಣ ಹಿಡಿದು ಅದರ ಮೈ ಎಷ್ಟು ಬಿಸಿ ಎಂದು ಹೇಳಿಬಿಡುವ ಚಪಲ ಆಕೆಗೆ. ಬೀಳುವ ಬಿಸಿಲೆಷ್ಟು, ಹೊಳೆದು ವಾಪಸಾಗುವುದೆಷ್ಟು, ಗ್ರಹ ತಾನೇ ಹೊರಗೆ ಚೆಲ್ಲುವ ಶಾಖವೆಷ್ಟು. ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋದರೆ ಉತ್ತರ ಸಿಕ್ಕಿತು. ಗಾಳಿಯಿಲ್ಲದ ಭೂಮಿಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಗಾಳಿಯನ್ನೂ ಲೆಕ್ಕಕ್ಕೆ ಹಿಡಿದರೆ ಸೊನ್ನೆಗಿಂತ ಹದಿನೈದು ಮೇಲೆ.

ಆದರೆ ಬಿಸಿಲನ್ನು ನಾಲ್ಕರಿಂದ ಭಾಗಿಸುವ ಸಾಲು ಬಂದಾಗ ಆಕೆಯ ಕೈ ನಿಲ್ಲುತ್ತದೆ. ಗೋಳದ ಅರ್ಧಕ್ಕೆ ರಾತ್ರಿ, ಉಳಿದರ್ಧಕ್ಕೂ ಬಿಸಿಲು ಓರೆ, ಅದಕ್ಕೇ ನಾಲ್ಕು ಎಂದು ವಿವರಿಸುವಾಗ ಕೊನೆಯ ಬೆಂಚಿನಲ್ಲಿ, ಆಕೆಯ ಕಣ್ಣಿಗಷ್ಟೇ ಕಾಣುವಂತೆ, ಅಕ್ಕ ಬಂದು ಕೂತಿರುತ್ತಾಳೆ, ಕೊರಳಿಗೆ ಅಳತೆ ಟೇಪು ಹಾಕಿಕೊಂಡು. ಬೋರ್ಡು ನೋಡುತ್ತಾಳೆ ಅಷ್ಟೆ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರವನ್ನು ಮಹಡಿಯ ಮೇಲಿನ ತಗಡಿನ ಕೋಣೆಗೆ ಸಾಗಿಸುವ ಮೊದಲು, "ಬೇಸಿಗೇಲಿ ಅಲ್ಲಿ ಕೂರೋಕಾಗುತ್ತೇನೇ?" ಎಂದು ತಂಗಿಯನ್ನು ಕೇಳಿದ್ದಳು.

"ಅದೂ ಒಂದು ಪುಟ್ಟ ಗ್ರಹ ಬಿಡಕ್ಕ," ಎಂದು ನಕ್ಕು ಆಕೆ ಅದೇ ಲೆಕ್ಕ ಹಾಕಿದಳು. ಬಂದದ್ದು ಇಪ್ಪತ್ತೊಂಬತ್ತು ಡಿಗ್ರಿ; ಧಾರಾಳವಾಗಿ ಕೂರಬಹುದು ಎಂದುಬಿಟ್ಟಳು. ಅದು ಹಗಲು ರಾತ್ರಿ ಎರಡನ್ನೂ ಕಲಸಿದ ಸರಾಸರಿ. ಮಟಮಟ ಮಧ್ಯಾಹ್ನ ತಗಡಿನ ಕೆಳಗೆ ಕೂತವರಿಗೆ ಸರಾಸರಿಯಿಂದ ಏನೂ ಉಪಯೋಗವಿಲ್ಲ ಎಂಬುದು, ಬೇಸಿಗೆಯಲ್ಲಿ ಅಕ್ಕನ ಹೆಣವನ್ನು ಮೆಟ್ಟಿಲಿಳಿಸುವಾಗ ಹೊಳೆಯಿತು. ಸೆಕೆಗೇ ಸತ್ತದ್ದು ಎಂದರು ಡಾಕ್ಟರು.

ಅಂದಿನಿಂದ ಒಂದೇ ಪ್ರಶ್ನೆ ಬೆನ್ನು ಬಿಟ್ಟಿಲ್ಲ: ಕೊನೆಗಳಿಗೆಯಲ್ಲಿ ಅಕ್ಕ ನನ್ನನ್ನು ಬೈದುಕೊಂಡಳೇ? ಬೈದಿದ್ದರೆ ಒಳ್ಳೆಯದಿತ್ತು, ತಲೆಬಾಗಿ ಹೊತ್ತುಕೊಳ್ಳಬಹುದಿತ್ತು. ಭಾವನನ್ನು ಕೇಳೋಣವೆಂದರೆ ಬಾಯಿ ಬರಲಿಲ್ಲ.

ಮೊನ್ನೆ ಭಾವನೇ ಬಂದರು. ಹೊಲಿಗೆ ಯಂತ್ರ ಮಾರಬೇಕೆಂದಿದ್ದೇನೆ, ನಿನಗೇನಾದರೂ ಬೇಕೇ ಎಂದು ಕೇಳಲು. ಚಹಾ ಕೊಟ್ಟವಳು ಎದುರಿಗೇ ನಿಂತುಬಿಟ್ಟಳು.

"ಭಾವ, ಅವತ್ತು ಅಕ್ಕ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

"ಅಂದ್ಲು." ಭಾವ ಲೋಟ ಕೆಳಗಿಟ್ಟರು. "ಮೈ ಸುಡ್ತಿತ್ತು. ಕೆಳಗೆ ಬಾರೇ, ಕೋಣೆ ಕಾದ ಕಾವಲಿ ಆಗಿದೆ ಅಂದೆ. ಕೋಣೇದೇನಲ್ಲ, ತಂಗಿ ಲೆಕ್ಕ ಹಾಕಿ ನೋಡಿದ್ದಾಳೆ, ನಂಗೇ ಜ್ವರ ಬಂದಿರ್ಬೇಕು ಅಂದ್ಲು. ನಾನೂ ಹೌದೇನೋ ಅಂತ ಮಾತ್ರೆ ಕೊಟ್ಟು, ಕಂಬಳಿ ಹೊದಿಸಿ ಬಂದೆ."