ಹುಬ್ಬಳ್ಳಿಯ ಹನ್ನೆರಡು ಗಂಟೆ

ಕೇಶ್ವಾಪುರದ ದಾರಿಗಿದ್ದ ಹತ್ತಿ ಗಿರಣಿಯಲ್ಲಿ ಗುಲಾಬಸಾಬ ಇಪ್ಪತ್ತೆರಡು ವರ್ಷದಿಂದ ಊಟದ ಗಂಟೆ ಬಾರಿಸುತ್ತಿದ್ದ. ಗಂಟೆ ಅಂದರೆ ಬೇವಿನ ಟೊಂಗೆಗೆ ಜೋತುಬಿಟ್ಟ ರೈಲು ಹಳಿಯ ತುಂಡು. ಅದರ ಮೇಲೆ ಅವನ ಸುತ್ತಿಗೆ ಬಿದ್ದರೆ ಇನ್ನೂರು ಜನ ಕೈ ತೊಳೆಯಲು ಏಳುತ್ತಿದ್ದರು.

ಅವನಿಗೆ ಗಡಿಯಾರ ಓದಲು ಬರುತ್ತಿರಲಿಲ್ಲ. ಅಂಗಳದ ನಡುವಿನ ಸಾಗವಾನಿ ಕಂಬವೇ ಅವನ ಗಡಿಯಾರ. ಶಿರಗುಪ್ಪಿಯಿಂದ ಗೌಂಡಿ ಕೆಲಸಕ್ಕೆ ಬಂದ ಅವನಪ್ಪ ಖಾದರಬಾಷಾ, ಗಿರಣಿ ಕಟ್ಟುವಾಗ ದಿಕ್ಕು ನೋಡಲಿಕ್ಕೆ ಅದನ್ನು ನೆಟ್ಟಿದ್ದ. ಸುತ್ತಲೂ ಹಗ್ಗದಿಂದ ಒಂದು ದುಂಡು ಗೆರೆ ಎಳೆದ. ಮುಂಜಾನೆ ನೆರಳಿನ ತುದಿ ದುಂಡಿನೊಳಗೆ ಬರುವಲ್ಲಿ ಒಂದು ಗೂಟ, ಮಧ್ಯಾಹ್ನದ ಮೇಲೆ ಅದು ಹೊರಗೆ ಹೋಗುವಲ್ಲಿ ಇನ್ನೊಂದು. ಎರಡರ ನಡುವೆ ದಾರ ಬಿಗಿದರೆ ಪೂರ್ವ-ಪಶ್ಚಿಮ. ಅದಕ್ಕೆ ಮೂಲೆಮಟ್ಟ ಹಿಡಿದು ಕಂಬದ ಎರಡೂ ಕಡೆ ಸುಣ್ಣದ ಗೆರೆ ಹೊಡೆದರೆ ಉತ್ತರ-ದಕ್ಷಿಣ. ನೆರಳು ಆ ಗೆರೆಯ ಮೇಲೆ ಬಂದು ಕೂತಾಗ ನಡುಹಗಲು. ಅಪ್ಪ ತೀರಿಕೊಂಡ ಮೇಲೆ ಗೆರೆಗೆ ಸುಣ್ಣ ಹಚ್ಚುವುದು, ಗಂಟೆ ಬಾರಿಸುವುದು ಎರಡೂ ಮಗನ ಪಾಲಿಗೆ ಬಂದವು.

೧೯೩೪ರ ಬೇಸಿಗೆಯಲ್ಲಿ ಪುಣೆಯ ಕಡೆಯಿಂದ ಹೊಸ ಮ್ಯಾನೇಜರ ಬಿಂದುಮಾಧವರಾಯರು ಬಂದರು. ಮೊದಲ ದಿನವೇ ಗಂಟೆ ಕೇಳಿ ಕಿಸೆಯಿಂದ ಗಡಿಯಾರ ತೆಗೆದು ನೋಡಿದರು. ಆಮೇಲೆ ಕಾರಕೂನ ಯಜ್ಞೇಶ್ವರನನ್ನು ಕರೆದರು.

ಈ ಯಜ್ಞೇಶ್ವರ ದಿನಾ ಧಾರವಾಡದಿಂದ ರೈಲಿನಲ್ಲಿ ಬರುವವ. ಮ್ಯಾಟ್ರಿಕ್ಕಿನಲ್ಲಿ ಭೂಗೋಳಕ್ಕೆ ಮೂವತ್ತಾರು ಅಂಕ ಬಿದ್ದಾಗ, ಭೂಗೋಳ ಎಷ್ಟು ದೊಡ್ಡದು, ಅದರಾಗ ನೂರಕ್ಕ ಮೂವತ್ತಾರು ಪಾಲು ತಿಳಿಯೂದು ಸಣ್ಣ ಮಾತೇನು ಎಂದು ತಾಯಿ ಕಾಶೀಬಾಯಿಗೆ ಸಮಾಧಾನ ಹೇಳಿದ್ದ. ಮುಂಗೈಗೆ ಹೊಸ ಗಡಿಯಾರ ಬಂದಾಗಿನಿಂದ ಎಡಗೈ ಮಡಚಿಕೊಂಡೇ ಅಡ್ಡಾಡುತ್ತಿದ್ದ. ಯಾರೂ ವೇಳೆ ಕೇಳದಿದ್ದರೆ ತಾನೇ ಹೇಳುತ್ತಿದ್ದ.

“ಒಂದು ವಾರ ಆ ಮುದುಕನ ಬಾಜೂಕ ನಿಲ್ಲು,” ಎಂದರು ಮ್ಯಾನೇಜರು. “ದಿನಾ ಎಷ್ಟು ತಡಾ ಮಾಡತಾನ, ಬರಕೊಂಡು ಬಾ. ಗಡಿಯಾರ ಓದಲಿಕ್ಕೆ ಬರೋ ಮನುಷ್ಯಾನ್ನ ಇಡೋಣ.”

ಗುಲಾಬಸಾಬನಿಗೆ ಅರವತ್ತರ ಹತ್ತಿರ ವಯಸ್ಸು. ಗಂಟೆ ಹೋದರೆ ಗಿರಣಿಯಲ್ಲಿ ಅವನಿಗೆ ಬೇರೆ ಕೆಲಸವಿರಲಿಲ್ಲ. ಇದು ಅವನಿಗೂ ಗೊತ್ತು, ಯಜ್ಞೇಶ್ವರನಿಗೂ ಗೊತ್ತು.

ಮೊದಲ ದಿನ ಸುತ್ತಿಗೆ ಬಿದ್ದೊಡನೆ ಯಜ್ಞೇಶ್ವರ ಮುಂಗೈ ಮುಂದೆ ಚಾಚಿದ. “ಹನ್ನೆರಡಾಗಿ ಇಪ್ಪತ್ತೇಳು ಮಿನಿಟಾತು, ಗುಲಾಬಸಾಬ್ರ.”

“ಈಗ ಹನ್ನೆರಡ್ರಿ, ರಾಯರ.”

“ನಂದು ಸ್ಟೇಶನ್ನಿನ ಗಡಿಯಾರಕ್ಕ ಕೂಡಿಸಿದ್ದು.”

“ಸ್ಟೇಶನ್ನಿನ್ದು ಯಾವುದಕ್ಕ ಕೂಡಿಸ್ಯಾರ್ರಿ?”

“ಮೇಲಿಂದ ತಾರು ಬರತದ.”

“ತಾರು ಕಳಸಾಂವ ನಮ್ಮ ಕಂಬಾ ನೋಡ್ಯಾನೇನ್ರಿ?”

ಹತ್ತಿಬೀಜ ಕೇರುತ್ತಿದ್ದ ಶಿವಲಿಂಗವ್ವ ತಲೆ ಎತ್ತದೆ ಅಂದಳು, “ಬಿಡ ಮಾಮಾ, ರಾಯರ ಗಡಿಯಾರಕ್ಕ ಹಸಿವಿ ಲಗೂ ಆಗತೈತಿ.”

ಯಜ್ಞೇಶ್ವರನಿಗೆ ಅವಮಾನವಾಯಿತು. ಇನ್ನೊಂದು ತಪ್ಪು ಹುಡುಕಿದ. “ದಕ್ಷಿಣದ ಕಡೆ ಯಾಕ ಗೆರಿ ಹೊಡದೀರಿ? ನಮ್ಮ ಸೀಮ್ಯಾಗ ನಡುಹಗಲಿನ ನೆರಳು ಉತ್ತರಕ್ಕ ಬೀಳತದ. ಸಾಲಿ ಪುಸ್ತಕದಾಗ ಅದ.”

“ನಾಕೈದು ದಿನ ತಡೀರಿ. ನೆರಳು ಕಂಬದೊಳಗ ಹೋಗತೈತಿ. ಆಮ್ಯಾಲ ಈ ಕಡಿಂದ ಹೊರಗ ಬರತೈತಿ. ಶ್ರಾವಣದ ತನಕಾ ಇತ್ತಾಗ ಇದ್ದು, ಮತ್ತ ಒಳಗ ಹೋಗಿ ಅತ್ತಾಗ ಹೊಂಡತೈತಿ.”

ಮುದುಕನಿಗೆ ಬಿಸಿಲು ತಲೆಗೇರಿದೆ ಎಂದುಕೊಂಡ ಯಜ್ಞೇಶ್ವರ.

ಎರಡನೆಯ ದಿನವೂ ಇಪ್ಪತ್ತೇಳು ಮಿನಿಟು. ಮೂರನೆಯ ದಿನವೂ ಅಷ್ಟೇ, ನಾಲ್ಕನೆಯ ದಿನವೂ. ಅವನಿಗೆ ದಿಗಿಲಾಯಿತು. ಮೈಗಳ್ಳನ ತಡ ದಿನಕ್ಕೊಂದು ಥರ ಇರುತ್ತದೆ. ಆ ವಿಷಯದಲ್ಲಿ ಯಜ್ಞೇಶ್ವರನಿಗೆ ಸ್ವಂತ ಅನುಭವ ಸಾಕಷ್ಟಿತ್ತು. ಹಿಂಗೆ ಒಂದೇ ಅಳತೆಯಲ್ಲಿ ತಡ ಮಾಡುವುದು ಮನುಷ್ಯನ ಕೆಲಸವೇ ಅಲ್ಲ.

ಮನೆಗೆ ಹೋಗಿ ಅಟ್ಟದ ಮೇಲಿದ್ದ ಶಾಲೆಯ ಪುಸ್ತಕ, ನಕಾಶೆ ಇಳಿಸಿದ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಒಂದು ರೇಖಾಂಶ ತಿರುಗಲಿಕ್ಕೆ ನಾಲ್ಕು ಮಿನಿಟು. ಹಿಂದುಸ್ತಾನದ ರೈಲು ಗಡಿಯಾರವೆಲ್ಲ ಎಂಬತ್ತೆರಡೂವರೆಯ ರೇಖೆಗೆ ಕೂಡಿಸಿದ್ದು. ಹುಬ್ಬಳ್ಳಿ ಎಪ್ಪತ್ತೈದರ ಮೇಲೆ. ಏಳೂವರೆ ನಾಲ್ಕಲೆ ಮೂವತ್ತು. ಇದನ್ನೆಲ್ಲ ಅವನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದಿದ್ದ. ಅದು ಗಿರಣಿಯ ಅಂಗಳದಲ್ಲೂ ನಡೆಯುತ್ತದೆಂದು ಯಾರೂ ಹೇಳಿರಲಿಲ್ಲ. ಮೂವತ್ತು ಇರಬೇಕಾದಲ್ಲಿ ಇಪ್ಪತ್ತೇಳು ಯಾಕೆ ಎಂಬುದು ಮಾತ್ರ ಬಗೆಹರಿಯಲಿಲ್ಲ. ಮೂವತ್ತಾರು ಅಂಕದವನಿಗೆ ಮೂರು ಮಿನಿಟು ಮಾಫಿ ಎಂದುಕೊಂಡು ಪುಸ್ತಕ ಮುಚ್ಚಿದ.

ವಾರದ ಕೊನೆಯ ದಿನ ಕಂಬದ ಹತ್ತಿರ ನಿಂತಾಗ ಅವನು ಗಡಿಯಾರ ನೋಡಲಿಲ್ಲ. ನೆರಳು ಕುಗ್ಗುತ್ತಿತ್ತು. ಗೇಣು, ನಾಲ್ಕು ಬೆರಳು, ಎರಡು ಬೆರಳು. ಆಮೇಲೆ ಕಂಬದ ಬುಡದಲ್ಲಿ ಏನೂ ಉಳಿಯಲಿಲ್ಲ. ಹನ್ನೆರಡು ಅಡಿಯ ಕಂಬ ಬಿಸಿಲಲ್ಲಿ ನೆರಳಿಲ್ಲದೆ ನಿಂತಿತ್ತು. ಬಗ್ಗಿ ತನ್ನ ಕಾಲ ಕೆಳಗೆ ನೋಡಿಕೊಂಡ. ಅವನ ನೆರಳೂ ಅಂಗಾಲಿಗೆ ಅಂಟಿಕೊಂಡಿತ್ತು. ಸೂರ್ಯ ನೆತ್ತಿಯ ಮೇಲೆ ಗೌಂಡಿಯ ಓಲಂಬದ ಗುಂಡು ಬಿಟ್ಟಹಾಗೆ ನಿಂತಿದ್ದಾನೆ, ಇವತ್ತು ಈ ಹೊತ್ತಿಗೆ, ಈ ಅಂಗಳದ ಮೇಲೆ.

“ಗದಗಿನಾಗ ಎರಡು ಮಿನಿಟಿನ ಹಿಂದ ನಡುಹಗಲಾತು,” ಎಂದ ಯಜ್ಞೇಶ್ವರ, ತನಗೆ ತಾನೇ ಹೇಳಿಕೊಳ್ಳುವಂತೆ. “ಧಾರವಾಡದಾಗ ಇನ್ನ ಆಗಿಲ್ಲ. ಅರ್ಧಾ ಮಿನಿಟು ಬೇಕು.”

ಗುಲಾಬಸಾಬ ಸುತ್ತಿಗೆ ಎತ್ತಿದವನು ತಿರುಗಿ ನೋಡಿದ. “ಅಂದರ ನಡುಹಗಲು ನಡಕೋಂತ ಬರತೈತೇನ್ರಿ?”

“ಅದು ಬರೂದಿಲ್ಲ. ನಾವ ಅದರ ಕೆಳಗ ಹಾಯ್ದು ಹೊಂಟೇವಿ. ಗಿರಣಿ, ಕಂಬ, ಬೇವಿನ ಗಿಡ, ಎಲ್ಲಾ ಕೂಡಿ.”

ಮುದುಕ ಸುತ್ತಿಗೆ ಇಳಿಸಿ ಕಂಬದ ಬುಡವನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಅಂದ, “ನಮ್ಮಪ್ಪಗ ಇದನ್ನ ಹೇಳಾಕ ಬೇಕಾಗಿತ್ರಿ.” ಅವತ್ತು ಗಂಟೆ ಒಂದು ಮಿನಿಟು ಖರೇನೇ ತಡವಾಯಿತು. ಯಜ್ಞೇಶ್ವರ ಅದನ್ನು ಬರೆದುಕೊಳ್ಳಲಿಲ್ಲ.

ಗುಲಾಬಸಾಬ ತಡ ಮಾಡುತ್ತಿಲ್ಲ, ಹುಬ್ಬಳ್ಳಿಗೆ ಸೂರ್ಯ ಬರುವುದೇ ಆ ಹೊತ್ತಿಗೆ ಎಂದು ಅವನು ಎರಡು ಪುಟ ವರದಿ ಬರೆದ. ಮ್ಯಾನೇಜರು ಪೂರಾ ಓದಿ ಕನ್ನಡಕ ತೆಗೆದರು.

“ಸೂರ್ಯನ ಕಡಿಂದ ವಕಾಲತ್ತು ತಂದೀ ಏನು? ಈ ಗಿರಣಿ ಗಡಿಯಾರದ ಮೇಲೆ ನಡೀತದ. ಹೊಸ ಮನುಷ್ಯಾ ಸಿಗೋತನಕ ನೀನೇ ಬಾರಿಸು.”

ಹಿಂಗಾಗಿ ಮ್ಯಾಟ್ರಿಕ್ ಪಾಸಾದ ಕಾರಕೂನ ಮರುದಿನ ಸರಿಯಾಗಿ ಹನ್ನೆರಡಕ್ಕೆ ಹಳಿಯ ತುಂಡು ಬಾರಿಸಿದ. ಎರಡು ಏಟು ಗಾಳಿಗೆ ಹೋದವು. ಇನ್ನೂರು ಜನ ಹೊರಗೆ ಬಂದು ಬೇವಿನ ಕೆಳಗೆ ಕೂತರು. ಊಟ ಮಾತ್ರ ಬರಲಿಲ್ಲ. ಮನೆಗಳಲ್ಲಿ ಹೆಣ್ಣುಮಕ್ಕಳು ಹೊಸ್ತಿಲಿನ ಬಿಸಿಲು ನೋಡಿ ರೊಟ್ಟಿಬುಟ್ಟಿ ಹೊತ್ತು ಹೊರಡುವವರು; ಅವರು ಮುಟ್ಟುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಉಂಡು ಏಳಲಿಕ್ಕೆ ಇನ್ನರ್ಧ ತಾಸು. ಯಂತ್ರಗಳು ಸುಮ್ಮನೆ ನಿಂತಿದ್ದವು. ಗುಲಾಬಸಾಬ ಬಾಗಿಲ ಹತ್ತಿರ ಖಾಲಿ ಕೈಯಲ್ಲಿ ಕೂತು ಕಂಬದ ಕಡೆ ನೋಡುತ್ತಿದ್ದ. ಎರಡನೆಯ ದಿನವೂ ಹಿಂಗೇ ಆಯಿತು, ಮೂರನೆಯ ದಿನವೂ.

ಮೂರನೆಯ ದಿನ ಮ್ಯಾನೇಜರು ತಾವೇ ಅಂಗಳಕ್ಕೆ ಬಂದರು. “ಮನ್ಯಾಗ ಹೇಳಿ ರೊಟ್ಟಿ ಲಗೂ ತರಸ್ರಿ,” ಎಂದರು.

“ಮನಿಗೊಂದು ಗಡಿಯಾರ ಕೊಡಸ್ರಿ ಸಾಹೇಬ್ರ, ಹೇಳತೇವಿ,” ಎಂದಳು ಶಿವಲಿಂಗವ್ವ.

ಮ್ಯಾನೇಜರು ಕಂಬವನ್ನೊಮ್ಮೆ, ನಿಂತ ಯಂತ್ರಗಳನ್ನೊಮ್ಮೆ ನೋಡಿ ಒಳಗೆ ಹೋದರು. ಮರುದಿನ ಬಾಗಿಲಿಗೆ ಚೀಟಿ ಅಂಟಿತ್ತು: ಊಟದ ಗಂಟೆಯನ್ನು ಗುಲಾಬಸಾಬನು ಕಂಬದ ಪ್ರಕಾರ ಬಾರಿಸತಕ್ಕದ್ದು.

ಓದಿ ಹೇಳಿದವನು ಯಜ್ಞೇಶ್ವರ. ಎರಡೂ ಕೈಯಿಂದ ಸುತ್ತಿಗೆ ಹಿಂದಕ್ಕೆ ಕೊಟ್ಟ. ಗುಲಾಬಸಾಬ ಅದನ್ನು ಕಣ್ಣಿಗೊತ್ತಿಕೊಂಡು ಕಂಬದ ಕಡೆ ನಡೆದ. ದಕ್ಷಿಣದ ಗೆರೆಯ ಮಗ್ಗುಲಿಗೆ, ಮೂರು ಬೆರಳಿನಷ್ಟು, ಹೊಸದೊಂದು ನೆರಳು ಹೊರಬಿದ್ದಿತ್ತು. ಇಬ್ಬರೂ ಬಗ್ಗಿ ನೋಡಿದರು. ಅದು ಸರಿಯುವುದು ಕಣ್ಣಿಗೆ ಕಾಣುತ್ತಿರಲಿಲ್ಲ; ಆದರೂ ಸರಿಯುತ್ತಿತ್ತು.

“ಗೆರಿ ಬಿಟ್ಟು ನಿಲ್ರಿ, ರಾಯರ,” ಎಂದ ಗುಲಾಬಸಾಬ. “ಬಂತು.”