ತಿರುಗಿ ಹೇಳುವ ಪರೀಕ್ಷೆ

ರಾಮಕುಂಜದ ಶಶಾಂಕ ಪೈಲಟ್ ಆಗಬೇಕೆಂದು ಹೊರಟು ನಾಲ್ಕು ವರ್ಷವಾಯಿತು. ವಿಮಾನ ಹಾರಿಸುವುದಕ್ಕೆ ಮೊದಲು ನೆಲದ ಮೇಲೆ ಕೂತು ಪಾಸು ಮಾಡಬೇಕಾದ ಪರೀಕ್ಷೆಗಳಿವೆ: ವಿಮಾನದ ದಾರಿ ಕಂಡುಹಿಡಿಯುವ ಲೆಕ್ಕ, ಹವಾಮಾನ, ಆಕಾಶದ ನಿಯಮಗಳು, ಎಂಜಿನು. ಇವನ್ನೆಲ್ಲ ಅವನು ಮನೆಯಲ್ಲೇ ಓದಿ, ಬೆಂಗಳೂರಿಗೆ ಹೋಗಿ ಬರೆದು, ಒಂದೊಂದಾಗಿ ಮುಗಿಸಿದ. ಹವಾಮಾನದಲ್ಲಿ ನೂರಕ್ಕೆ ತೊಂಬತ್ತೆರಡು ಬಂದಿತ್ತು. ಅಂಕಿಗಳನ್ನು ನಾನು ಅವನಲ್ಲೇ ಕೇಳಿ ಬರೆದುಕೊಂಡಿದ್ದೇನೆ. ಉಳಿದದ್ದು ಅವನ ತಂಗಿ ಚಿನ್ಮಯೀ ಹೇಳಿದ್ದು.

ಕೊನೆಗೆ ಉಳಿದದ್ದು ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ. ಅದು ಎಲ್ಲಕ್ಕಿಂತ ಸುಲಭ ಎಂದು ಕಲಿತವರೆಲ್ಲ ಹೇಳುತ್ತಿದ್ದರು. ಅದರಲ್ಲೇ ಅವನು ಎರಡು ಸಲ ಫೇಲಾದ.

ಆ ಪರೀಕ್ಷೆಯಲ್ಲಿ ಪರೀಕ್ಷಕರು ವಿಮಾನ ನಿಲ್ದಾಣದ ಗೋಪುರದಲ್ಲಿ ಕೂತ ಅಧಿಕಾರಿಯ ಹಾಗೆ ಇಂಗ್ಲಿಷಿನಲ್ಲಿ ಆದೇಶ ಕೊಡುತ್ತಾರೆ. ಎಡಕ್ಕೆ ತಿರುಗಿ, ಮೂರು ಸಾವಿರ ಅಡಿಗೆ ಏರಿ. ಪೈಲಟ್ ಅದನ್ನೇ ಅಂಕಿ ಸಮೇತ ತಿರುಗಿ ಹೇಳಿ, ಕೊನೆಗೆ ತನ್ನ ವಿಮಾನದ ಗುರುತಿನ ಅಕ್ಷರಗಳನ್ನು, ಎ ಅಂದರೆ ಆಲ್ಫಾ, ಕೆ ಅಂದರೆ ಕಿಲೋ, ಎಲ್ ಅಂದರೆ ಲೀಮಾ ಎಂಬಂತೆ, ಸೇರಿಸಬೇಕು. ಶಶಾಂಕ ಎರಡು ಸಲವೂ "ಯೆಸ್ ಸರ್" ಎಂದು ಸುಮ್ಮನಾಗಿದ್ದ. ನಿಯಮ ಅವನಿಗೆ ಪುಟಸಂಖ್ಯೆ ಸಮೇತ ಗೊತ್ತಿತ್ತು. ಆದರೆ ತಲೆ ನರೆತವರು ಎದುರು ಕೂತು ಹೇಳಿದ ಮಾತನ್ನು ತಿರುಗಿ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಅವನ ಅಪ್ಪ ಕೃಷ್ಣಮೋಹನ ಮಾಸ್ಟ್ರು ಐದನೇ ತರಗತಿಯಲ್ಲಿ ಅವನಿಗೂ ಪಾಠ ಮಾಡಿದವರು. ಒಂದು ದಿನ ಅವರು ಪ್ರಶ್ನೆ ಕೇಳಿದಾಗ ಶಶಾಂಕ, ಉತ್ತರ ನೆನಪಾಗಲಿ ಎಂದು, ಪ್ರಶ್ನೆಯನ್ನೇ ಇನ್ನೊಮ್ಮೆ ಹೇಳಿದ. "ನನ್ನನ್ನೇ ಅಣಕಿಸುದಾ? ದೊಡ್ಡವರಿಗೆ ತಿರುಗಿ ಹೇಳುದಾ?" ಎಂದು ಸಂಜೆಯವರೆಗೆ ಬೆಂಚಿನ ಮೇಲೆ ನಿಲ್ಲಿಸಿದರು. ಹೇಳಿದ್ದನ್ನು ಮತ್ತೆ ಹೇಳುವುದಕ್ಕೂ ಎದುರು ಮಾತಾಡುವುದಕ್ಕೂ ಆ ಮನೆಯಲ್ಲಿ ಒಂದೇ ಮಾತು, ತಿರುಗಿ ಹೇಳುವುದು. ಎಂತ ಹೇಳಿದರೂ "ಆಯ್ತು" ಅನ್ನುವುದು ಮರ್ಯಾದೆ.

ಮೂರನೇ ಸಲದ ಹೊತ್ತಿಗೆ ಹಾರಾಟ ಕಲಿಸುವ ಶಾಲೆಯಿಂದ ಕಾಗದ ಬಂತು. ಮೇ ತಿಂಗಳೊಳಗೆ ಈ ಪರೀಕ್ಷೆಯೂ ಮುಗಿಯದಿದ್ದರೆ ಅವನ ಸೀಟು ಇನ್ನೊಬ್ಬರಿಗೆ ಹೋಗುತ್ತದೆ ಎಂದು ಅದರಲ್ಲಿತ್ತು.

ಅಭ್ಯಾಸ ಮಾಡಿಸಲು ಚಿನ್ಮಯೀ ಅಪ್ಪನ ಹಳೆಯ ಕನ್ನಡಕ ಹಾಕಿಕೊಂಡು ಗೋಪುರದ ಅಧಿಕಾರಿಯಾದಳು.

"ಆಲ್ಫಾ ಕಿಲೋ ಲೀಮಾ, ಬಲಕ್ಕೆ ತಿರುಗಿ ಎರಡು ಸಾವಿರ ಅಡಿಗೆ ಇಳಿ ಮಾರಾಯ."

"ಮಾರಾಯ ಅಂತ ಹೇಳ್ಲಿಕ್ಕಿಲ್ಲ ಅದ್ರಲ್ಲಿ."

"ನೀನು ಮೊದ್ಲು ತಿರುಗಿ ಹೇಳು ಅಣ್ಣ. ಹೀಗೆ ಬಾಯಿ ಮುಚ್ಚಿ ಕೂತ್ರೆ ವಿಮಾನ ಗುಡ್ಡೆಗೆ ಹೋಗಿ ಕುಟ್ಟುದೇ."

ಒಳಗಿನಿಂದ ಅಪ್ಪನ ಧ್ವನಿ ಬಂತು: "ಎಂತ ಅದು, ಅವಳು ಹೇಳಿದ್ದನ್ನೇ ಇವ ಹೇಳುದು? ಬುದ್ಧಿ ಉಂಟಾ ಇಬ್ಬರಿಗೂ?"

ಅಂದಿನಿಂದ ಅಭ್ಯಾಸ ಪಂಪ್‌ಶೆಡ್ಡಿಗೆ ಹೋಯಿತು. ತಿಂಗಳು ಕಳೆಯುವಾಗ ಶಶಾಂಕ ಒಂದಂಕಿಯೂ ತಪ್ಪದೆ ತಿರುಗಿ ಹೇಳುತ್ತಿದ್ದ.

ಪರೀಕ್ಷೆಯಲ್ಲೂ ಅವನ ವಿಮಾನದ ಗುರುತು ಆಲ್ಫಾ ಕಿಲೋ ಲೀಮಾ ಎಂದೇ ಇತ್ತು. ಏಳು ಆದೇಶಗಳು ಸರಿಯಾಗಿ ಸಾಗಿದವು. ಎಂಟನೆಯದಕ್ಕೆ ಪರೀಕ್ಷಕರು ಹಾಳೆ ತಿರುವಿ, "ಆಲ್ಫಾ ಲೀಮಾ ಕಿಲೋ, ನಾಲ್ಕು ಸಾವಿರ ಅಡಿಗೆ ಏರಿ" ಎಂದರು. ಅದು ಅವನ ವಿಮಾನದ ಗುರುತಲ್ಲ. ಎರಡು ಅಕ್ಷರ ಅದಲುಬದಲಾಗಿತ್ತು. ಅವನಿಗೆ ತಕ್ಷಣ ಗೊತ್ತಾಯಿತು. ಹಿರಿಯರು, ಮಾತು ತಪ್ಪಿರಬೇಕು, ಎತ್ತಿ ತೋರಿಸುವುದು ಸರಿಯಲ್ಲ ಅಂದುಕೊಂಡ. ನಾಲ್ಕು ಸಾವಿರ ಅಡಿಗೆ ಏರುತ್ತಿದ್ದೇನೆ, ಆಲ್ಫಾ ಲೀಮಾ ಕಿಲೋ, ಎಂದು ಸ್ಪಷ್ಟವಾಗಿ ತಿರುಗಿ ಹೇಳಿದ.

ಪರೀಕ್ಷಕರು ಹೆಡ್‌ಫೋನು ತೆಗೆದಿಟ್ಟರು. ಆಮೇಲೆ ಮಾತಾಡಿದ್ದು ಕನ್ನಡದಲ್ಲೇ.

"ಆಲ್ಫಾ ಲೀಮಾ ಕಿಲೋ ಯಾರು?"

"ನಾನಲ್ಲ ಸರ್."

"ಗೊತ್ತಿತ್ತಾ?"

"ಗೊತ್ತಿತ್ತು ಸರ್. ನೀವು ಹೇಳಿದ್ದು ಅಂತ..."

"ನಾನು ಬೇಕೆಂದೇ ತಪ್ಪು ಹೇಳಿದ್ದು. ನಾಳೆ ನಿಮ್ಮ ಹಿಂದೆ ನೂರೈವತ್ತು ಜನ ಕೂತಿರುತ್ತಾರೆ. ನನ್ನ ಮರ್ಯಾದೆ ಉಳಿಸಲಿಕ್ಕೆ ಅವರನ್ನೆಲ್ಲ ಕೊಲ್ಲುತ್ತೀರಾ?"

ಶಶಾಂಕನ ಬಾಯಿಂದ ಬಂದದ್ದು "ಯೆಸ್ ಸರ್."

ಊರಿನಲ್ಲಿ ಬಸ್ಸಿಳಿದಾಗ ರಿಕ್ಷಾದ ಶಾಫಿ ಕೇಳಿದ, "ಎಂತ ಪೈಲಟ್ರೆ, ಲ್ಯಾಂಡ್ ಆಯ್ತಾ?" ಶಶಾಂಕ ನಕ್ಕು ರಿಕ್ಷಾ ಹತ್ತಿದ. ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಜೂನ್ ಮೊದಲ ವಾರ ಸೀಟು ಬೇರೆಯವರಿಗೆ ಕೊಟ್ಟ ಕಾಗದ ಬಂತು.

ಅದರ ಮರು ಆದಿತ್ಯವಾರ ನೆರೆಮನೆಯ ದೇರಣ್ಣ ಬಂದಿದ್ದರು. ಮಾಸ್ಟ್ರು ಅವರಿಗೆ ವಿವರಿಸಿದರು: "ಇವನದ್ದು ತಪ್ಪಲ್ಲ ದೇರಣ್ಣ. ಆ ಪರೀಕ್ಷಕನಿಗೇ ಸರಿ ಬರುದಿಲ್ಲ. ಅಕ್ಷರವೇ ತಪ್ಪಿ ಹೇಳಿದ್ದು. ನಮ್ಮ ಕಡೆಯವರು ಅಂದ್ರೆ ಅವರಿಗೆ ಆಗುದಿಲ್ಲ."

"ಹಾಗಾ ಮಾಸ್ಟ್ರೆ? ಹೌದಾ ಶಶಾಂಕ? ತಪ್ಪು ಅಂತ ಗೊತ್ತಾದ್ರೆ ನೀನು ಹೇಳುದಲ್ವಾ ಮಾರಾಯ?"

ಚಿನ್ಮಯೀ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ಅಪ್ಪ ಕೂಡ ಅವನನ್ನು ನೋಡಿದರು.

"ಅಪ್ಪ ಹೇಳಿದ ಹಾಗೆಯೇ" ಎಂದ ಶಶಾಂಕ.

ಮಾಸ್ಟ್ರು ಎಲೆಯಡಿಕೆಯ ಹರಿವಾಣವನ್ನು ದೇರಣ್ಣನ ಕಡೆಗೆ ಸರಿಸಿದರು.